ಯಾಕ್ರೀ, ನಿನ್ನೆ ಬರ್ಲಿಲ್ಲ?

ನಡೆದರೆ ಒಳ್ಳೆಯದು ಎಂದು ಹುಬ್ಬಳ್ಳಿ-ಧಾರವಾಡದ ಮಂದಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ವೈದ್ಯರು ಹೇಳಿದ್ದಾರೆ, ಬಿಪಿ ಇದ್ದವರಿಗೆ ಔಷಧಿ ಅಂಗಡಿಯವರೂ ಹೇಳಿದ್ದಾರೆ, ಏನೂ ಇಲ್ಲದವರಿಗೆ ಮನೆಯ ಮಕ್ಕಳು ಹೇಳುತ್ತಲೇ ಇದ್ದಾರೆ. ನಡೆಯಲು ಜಾಗಕ್ಕೂ ತೀರಾ ಬರವಿಲ್ಲ. ಉಣಕಲ್ ಕೆರೆಯ ದಂಡೆಯಿದೆ, ತೋಳನಕೆರೆಯಿದೆ, ನೃಪತುಂಗ ಬೆಟ್ಟವಿದೆ. ಧಾರವಾಡದ ಕಡೆ ಕರ್ನಾಟಕ ಕಾಲೇಜಿನ ಮೈದಾನವೂ ಕೃಷಿ ವಿಶ್ವವಿದ್ಯಾಲಯದ ನೆರಳಿನ ದಾರಿಗಳೂ ಇವೆ. ಇಷ್ಟಿದ್ದೂ ನಡೆಯುವವರು ಕಡಿಮೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ, 2022ರ ಹೊತ್ತಿಗೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೈಗೆ ಬೇಕಾದಷ್ಟು ದುಡಿಮೆ ಕೊಡುತ್ತಿರಲಿಲ್ಲ. ಹೆಂಗಸರಲ್ಲಿ ಈ ಪ್ರಮಾಣ ಶೇ. 57, ಗಂಡಸರಲ್ಲಿ ಶೇ. 42. ಬೇಕಾದಷ್ಟು ಎಂದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ಅಥವಾ ಅದಕ್ಕೆ ಸಮನಾದ ಚಟುವಟಿಕೆ. ದಿನಕ್ಕೆ ಅರ್ಧ ತಾಸಿನಂತೆ ವಾರದಲ್ಲಿ ಐದು ದಿನ ನಡೆದರೆ ಅಷ್ಟಾಗುತ್ತದೆ. ಅದೂ ಆಗುತ್ತಿಲ್ಲವಾದರೆ ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ. ಸೋಮಾರಿತನ, ಮನಸ್ಸು ಗಟ್ಟಿಯಿಲ್ಲ ಎಂದೆಲ್ಲ ನಾವು ಕಾರಣ ಕೊಡುತ್ತೇವೆ. ನನಗೆ ಆ ವಿವರಣೆ ಸರಿಯೆನಿಸುವುದಿಲ್ಲ. ನಮ್ಮ ಸಲಹೆಗಳೆಲ್ಲ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೂರಿಸಿ ಹೇಳಿದವು. ನಾಳೆ ನಸುಕಿನಲ್ಲಿ ಏಳಬೇಕೋ ಬೇಡವೋ ಎಂಬ ತೀರ್ಮಾನವನ್ನು ಹಾಸಿಗೆಯಲ್ಲಿ ಮಲಗಿರುವ ಒಬ್ಬನ ಪಾಲಿಗೇ ಬಿಟ್ಟವು. ಆ ತೀರ್ಮಾನವನ್ನು ನಾಲ್ಕೈದು ಜನರ ನಡುವೆ ಹಂಚಿದಾಗ ಏನಾಗುತ್ತದೆ ಎಂಬುದಕ್ಕೆ ಈಗ ಒಳ್ಳೆಯ ಪುರಾವೆಯಿದೆ, ಅದರ ಮಿತಿಗಳಿಗೂ ಪುರಾವೆಯಿದೆ.

ಮೊದಲು ನಡಿಗೆಯ ಲಾಭದ ಲೆಕ್ಕವನ್ನು ಗಟ್ಟಿ ಮಾಡಿಕೊಳ್ಳಬೇಕು. ಈ ಲೆಕ್ಕ ಶುರುವಾದದ್ದು ಬಸ್ಸಿನಲ್ಲಿ. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿಯಿರುವ ಹುಬ್ಬಳ್ಳಿಗೆ ಅದು ದೂರದ ಸಂಗತಿಯಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿದ ಜೆರ್ರಿ ಮಾರಿಸ್ 1953ರಲ್ಲಿ ಒಂದು ಅಂತರವನ್ನು ತೋರಿಸಿದರು. ಇಡೀ ದಿನ ಕುಳಿತೇ ಇರುವ ಚಾಲಕರಿಗಿಂತ, ಟಿಕೆಟ್ ಕೊಡುತ್ತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ. ಸೇರುವಾಗಲೇ ಚಾಲಕರು ದಪ್ಪಗಿದ್ದರೋ ಏನೋ ಎಂಬ ಸಂಶಯ ಸಹಜವಾಗಿ ಬಂತು. ಮಾರಿಸ್ ಅದನ್ನು ತಳ್ಳಿಹಾಕಲಿಲ್ಲ. ಸಿಬ್ಬಂದಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಚಾಲಕರ ಸೊಂಟದ ಸುತ್ತಳತೆ ನಿಜಕ್ಕೂ ಹೆಚ್ಚಿತ್ತು. ಅಂದರೆ ಅಂತರದ ಒಂದು ಪಾಲು ದುಡಿಮೆಯಿಂದ ಬಂದದ್ದು, ಇನ್ನೊಂದು ಪಾಲು ಆ ಕೆಲಸಕ್ಕೆ ಯಾರು ಬಂದರು ಎಂಬುದರಿಂದ ಬಂದದ್ದು. ಗುಂಪು ನಡಿಗೆಯ ಎಲ್ಲ ಅಂಕಿಗಳನ್ನೂ ಓದುವಾಗ ಈ ಸಮವಸ್ತ್ರದ ಪಾಠ ನೆನಪಿರಬೇಕು.

ಎಷ್ಟು ನಡೆದರೆ ಸಾಕು ಎಂಬ ಪ್ರಶ್ನೆಗೆ ಊರೆಲ್ಲ ಹೇಳುವ ಹತ್ತು ಸಾವಿರ ಹೆಜ್ಜೆಯ ಲೆಕ್ಕ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರಕ್ಕೆ ಆ ಹೆಸರಿಟ್ಟು ಮಾರಿತು; ಸಂಖ್ಯೆ ಜನರ ಬಾಯಲ್ಲಿ ನಿಂತಿತು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವಯಸ್ಸಿನ 16,741 ಅಮೆರಿಕನ್ ಮಹಿಳೆಯರ ಹೆಜ್ಜೆಗಳನ್ನು ಯಂತ್ರದಿಂದಲೇ ಅಳೆದರು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ, ಅಧ್ಯಯನದ ಅವಧಿಯಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆಯಿತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚುತ್ತ ಹೋಗಿ 7,500ರ ಸುತ್ತ ಸಮವಾಯಿತು. ಎರಡು ಗುಂಪುಗಳ ನಡುವಿನ ಅಂತರ 1,700 ಹೆಜ್ಜೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾದ 1,507 ಮೀಟರಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು. ಅದರ ಈ ತುದಿಯಿಂದ ಆ ತುದಿಗೆ ಹೋಗಲು ಸುಮಾರು 2,000 ಹೆಜ್ಜೆ, ಇಪ್ಪತ್ತು ನಿಮಿಷ. ಆ 1,700 ಹೆಜ್ಜೆ ಇದಕ್ಕಿಂತ ಕಡಿಮೆಯೇ. ಲಾಭದ ದೊಡ್ಡ ಪಾಲು ಸಿಗುವುದು ಮೊದಲ ಕೆಲವು ಸಾವಿರ ಹೆಜ್ಜೆಗಳಲ್ಲಿ, ಅದೂ ಈಗ ಏನೂ ನಡೆಯದವರಿಗೆ. ನಮ್ಮ ದೇಶದ್ದೇ ಪುರಾವೆ ಬೇಕೆಂದರೆ ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ದಿನಕ್ಕೆ ಅರ್ಧ ತಾಸು ನಡಿಗೆ ಮತ್ತು ಊಟದ ಹಿಡಿತ ಹೇಳಿಕೊಟ್ಟು ಸುಮಾರು ಮೂರು ವರ್ಷ ಗಮನಿಸಿದರು. ಬರೀ ಮಾಮೂಲಿ ಸಲಹೆ ಪಡೆದವರಲ್ಲಿ ಶೇ. 55 ಮಂದಿಗೆ ಕಾಯಿಲೆ ಬಂತು, ಜೀವನಶೈಲಿ ಬದಲಿಸಿದವರಲ್ಲಿ ಶೇ. 39ಕ್ಕೆ. ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ ಈ ಫಲ ಸಿಕ್ಕಿತ್ತು. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ಎರಡನೇ ತಿಂಗಳಿಗೆ ನಡಿಗೆ ಬಿಡುವವರು ಇದನ್ನು ಗಮನಿಸಬೇಕು.

ಬೇಕಾದ ಪ್ರಮಾಣ ಚಿಕ್ಕದು, ಆದರೆ ಅದು ವರ್ಷಗಟ್ಟಲೆ ನಿಲ್ಲದೆ ನಡೆಯಬೇಕು. ಗುಂಪಿನ ಮಾತು ಬರುವುದು ಇಲ್ಲಿ. ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸಾರಾ ಹ್ಯಾನ್ಸನ್ ಮತ್ತು ಆ್ಯಂಡಿ ಜೋನ್ಸ್, ಹೊರಾಂಗಣದ ಗುಂಪು ನಡಿಗೆಯ ಬಗ್ಗೆ ನಡೆದ 42 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 1,843 ಜನ, ಸುಮಾರು 74,000 ತಾಸುಗಳ ನಡಿಗೆ. ಮೇಲಿನ ರಕ್ತದೊತ್ತಡ ಸರಾಸರಿ 3.7, ಕೆಳಗಿನದು 3.1 ಅಂಶ ಇಳಿದಿತ್ತು. ಸುಮ್ಮನೆ ಕುಳಿತಾಗಿನ ನಾಡಿಬಡಿತ ನಿಮಿಷಕ್ಕೆ ಮೂರರಷ್ಟು ತಗ್ಗಿತ್ತು. ಖಿನ್ನತೆಯ ಅಳತೆಗಳೂ ಸುಧಾರಿಸಿದ್ದವು. ಒಬ್ಬನ ಮಟ್ಟಿಗೆ ಇವು ಸಣ್ಣ ಅಂಕಿಗಳು. ಒಂದು ಊರಿನ ಸರಾಸರಿ ಬಿಪಿ ಅಷ್ಟು ಇಳಿದರೆ ಪಾರ್ಶ್ವವಾಯುವಿಗೆ ತುತ್ತಾಗುವವರ ಸಂಖ್ಯೆ ಖಂಡಿತ ಇಳಿಯುತ್ತದೆ. ನನ್ನ ಕಣ್ಣು ನಿಂತದ್ದು ಬೇರೆ ಅಂಕಿಯ ಮೇಲೆ. ಸೇರಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಡೆಯವರೆಗೂ ಬಿಡದೆ ನಡೆದಿದ್ದರು.

ಗುಂಪು ಕಟ್ಟಿದರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಎನ್ನುವವರಿಗೆ ವಿಜ್ಞಾನ ಅಡ್ಡ ನಿಲ್ಲುತ್ತದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ನೂರು ವರ್ಷಕ್ಕೂ ಹಿಂದೆ ಗಂಡಸರಿಂದ ಹಗ್ಗ ಜಗ್ಗಿಸಿ ಬಲ ಅಳೆದಿದ್ದ. ಎಂಟು ಜನ ಕೂಡಿ ಜಗ್ಗಿದಾಗ ಒಬ್ಬೊಬ್ಬನ ಪಾಲಿಗೆ ಬಂದ ಬಲ, ಅವನು ಒಂಟಿಯಾಗಿ ಹಾಕುತ್ತಿದ್ದುದರ ಅರ್ಧದಷ್ಟು ಮಾತ್ರ. ಯಾರೋ ಜಗ್ಗುತ್ತಾರೆ ಬಿಡು ಎಂಬ ಭಾವನೆ ಗುಂಪು ಬೆಳೆದಷ್ಟೂ ಬೆಳೆಯುತ್ತದೆ. 1926ರಲ್ಲಿ ಬರ್ಲಿನ್ನಿನ ಒಟ್ಟೊ ಕೋಲರ್ ದೋಣಿ ಹುಟ್ಟುಹಾಕುವವರ ಕ್ಲಬ್ಬಿನಲ್ಲಿ ಇದಕ್ಕೆ ತೀರಾ ವಿರುದ್ಧವಾದದ್ದನ್ನು ಕಂಡ. ಇಬ್ಬರೂ ಎತ್ತಿದರೆ ಮಾತ್ರ ಏಳುವಂಥ ಭಾರ ಕೊಟ್ಟಾಗ, ಇಬ್ಬರಲ್ಲಿ ದುರ್ಬಲನಾದವನು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಾಳಿದ. ಇಬ್ಬರ ಶಕ್ತಿಯಲ್ಲಿ ಅಂತರ ತೀರಾ ಹೆಚ್ಚಿರಬಾರದು, ತೀರಾ ಕಡಿಮೆಯೂ ಇರಬಾರದು. ನಡುವಿನ ಅಂತರದಲ್ಲಿ ಫಲ ಹೆಚ್ಚು. ಎರಡೂ ಗುಂಪುಗಳೇ. ಒಂದರಲ್ಲಿ ನಾನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಇನ್ನೊಂದರಲ್ಲಿ ನಾನು ಬಿಟ್ಟ ಕ್ಷಣ ಪಕ್ಕದವನ ಕೈ ಜಗ್ಗುತ್ತದೆ. ಗುಂಪಿನ ಬಲ ತಲೆ ಎಣಿಕೆಯಲ್ಲಿಲ್ಲ. ನನ್ನ ಗೈರುಹಾಜರಿ ಯಾರಿಗೆ ತಾಗುತ್ತದೆ ಎಂಬುದರಲ್ಲಿದೆ.

ಇದನ್ನು ಇನ್ನೂ ನಿಖರವಾಗಿ ಪರೀಕ್ಷಿಸಿದವರು ಅಮೆರಿಕದ ವೈದ್ಯ ಮಿತೇಶ್ ಪಟೇಲ್ ಮತ್ತು ಸಂಗಡಿಗರು. 2017ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 94 ಕುಟುಂಬಗಳ 200 ಜನರಿದ್ದರು. ಪ್ರತಿಯೊಬ್ಬರೂ ತಮ್ಮ ಈಗಿನ ಹೆಜ್ಜೆಯ ಲೆಕ್ಕದ ಮೇಲೆ ತಮ್ಮದೇ ಗುರಿ ಇಟ್ಟುಕೊಂಡರು. ಒಂದು ಪಾಲಿನ ಕುಟುಂಬಗಳಿಗೆ ಆಟವೊಂದನ್ನು ಸೇರಿಸಿದರು. ವಾರದ ಮೊದಲಿಗೇ ಕುಟುಂಬದ ಖಾತೆಯಲ್ಲಿ 70 ಅಂಕ ಬರುತ್ತವೆ. ದಿನಕ್ಕೊಬ್ಬರ ಹೆಸರನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಆ ವ್ಯಕ್ತಿ ಹಿಂದಿನ ದಿನ ಗುರಿ ಮುಟ್ಟಿದ್ದರೆ ಅಂಕ ಉಳಿಯುತ್ತದೆ, ಇಲ್ಲದಿದ್ದರೆ ಇಡೀ ಮನೆಯ 10 ಅಂಕ ಹೋಗುತ್ತದೆ. ದುಡ್ಡಿನ ಬಹುಮಾನವಿಲ್ಲ. ಆಟವಿದ್ದವರು ಶೇ. 53ರಷ್ಟು ದಿನಗಳಲ್ಲಿ ಗುರಿ ಮುಟ್ಟಿದರು, ಇಲ್ಲದವರು ಶೇ. 32ರಷ್ಟು ದಿನಗಳಲ್ಲಿ. 12 ವಾರಗಳ ಆಟ ನಿಲ್ಲಿಸಿದ ಮೇಲೆ ಅಂತರ ಕಡಿಮೆಯಾಯಿತು, ಅಳಿಯಲಿಲ್ಲ. ಚೀಟಿ ಯಾರ ಹೆಸರಿಗೆ ಬರುತ್ತದೋ ತಿಳಿಯದಿರುವುದರಲ್ಲೇ ಈ ಆಟದ ಜಾಣ್ಮೆಯಿದೆ. ಇಂದು ನನ್ನಿಂದ ಮನೆಯವರಿಗೆ ನಷ್ಟವಾದೀತು ಎಂಬ ಸಣ್ಣ ಅಳುಕು ಪ್ರತಿದಿನವೂ ಇರುತ್ತದೆ.

ಅದೇ ತಂಡ ಒಂದೇ ಸಂಸ್ಥೆಯ, 40 ರಾಜ್ಯಗಳಲ್ಲಿ ಹರಡಿದ್ದ 602 ನೌಕರರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದ ಫಲ ಇಷ್ಟು ಸುಲಭವಾಗಿರಲಿಲ್ಲ. ಕೆಲವರನ್ನು ಸಹಕಾರದ ತಂಡಗಳಾಗಿ, ಕೆಲವರನ್ನು ಪೈಪೋಟಿಯ ತಂಡಗಳಾಗಿ ಜೋಡಿಸಿದರು. ಇನ್ನು ಕೆಲವರಿಗೆ ಮನೆಯವರೋ ಗೆಳೆಯರೋ ಬೆನ್ನಿಗಿದ್ದರು. ಆರು ತಿಂಗಳ ಆಟ ನಡೆಯುವಾಗ ಮೂರೂ ಬಗೆಯವರು ಹೆಚ್ಚು ನಡೆದರು. ಆಟ ನಿಂತ ಮೇಲೆ ಹೆಚ್ಚಳ ಉಳಿದದ್ದು ಪೈಪೋಟಿಯವರಲ್ಲಿ ಮಾತ್ರ. ಸಹಕಾರವೆಂಬುದು ಎಲ್ಲ ಕಡೆಗೂ ಒಗ್ಗುವ ಮದ್ದು ಎಂದು ನಂಬಿದವರು ಈ ಫಲವನ್ನು ಮರೆಮಾಚಬಾರದು. ನಾನು ಇದನ್ನು ಓದುವುದು ಹೀಗೆ. ಫೋನಿನ ಮೂಲಕ ಜೋಡಿಸಿದ ತಂಡದಲ್ಲಿ ಸಹಕಾರಕ್ಕೆ ಬೇರು ಸಿಗುವುದಿಲ್ಲ. ಅಲ್ಲಿ ಪೈಪೋಟಿಯೇ ಉಳಿಯುವ ಬಂಧ. ಒಂದೇ ಮನೆಯಲ್ಲಿ ಉಣ್ಣುವವರ ನಡುವೆ ಸಂಬಂಧ ಮೊದಲೇ ಇದೆ, ಆಟ ಅದನ್ನು ನಡಿಗೆಗೆ ತಿರುಗಿಸುತ್ತದೆ ಅಷ್ಟೆ. ಉಣಕಲ್ ಕೆರೆಯ ದಂಡೆಯಲ್ಲಿ ಎರಡು ದಿನ ಕಾಣದಿದ್ದವರಿಗೆ ಮೂರನೇ ದಿನ ‘ಯಾಕ್ರೀ, ನಿನ್ನೆ ಬರ್ಲಿಲ್ಲ?’ ಎಂಬ ಪ್ರಶ್ನೆ ಎದುರಾಗುತ್ತದೆ. ಆ ಪ್ರಶ್ನೆಯಲ್ಲಿ ಬೈಗುಳವಿಲ್ಲ, ಅಂಕವಿಲ್ಲ, ಬಹುಮಾನವೂ ಇಲ್ಲ. ಆದರೆ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಆ್ಯಪಿನಲ್ಲಿ ಬರುವ ಸೂಚನೆಯನ್ನು ಬೆರಳಿನಿಂದ ಸರಿಸಿಬಿಡಬಹುದು, ಎದುರು ನಿಂತವರನ್ನು ಹಾಗೆ ಸರಿಸಲಾಗದು.

ಭಾರತದಲ್ಲಿ ಹುಟ್ಟಿದ ಸ್ಟೆಪಥ್ಲಾನ್ ಕಾರ್ಯಕ್ರಮವನ್ನು ಇಲ್ಲಿ ಹೇಳದೆ ಹೋಗಲಾಗದು. ಐವರ ತಂಡ, ನೂರು ದಿನ, ಪ್ರತಿದಿನ ಹೆಜ್ಜೆಯ ಲೆಕ್ಕ. 2012ರಿಂದ 2014ರವರೆಗೆ 64 ದೇಶಗಳ 69,219 ಜನರ ಮಾಹಿತಿ 2016ರಲ್ಲಿ ಪ್ರಕಟವಾಯಿತು. ದಿನಕ್ಕೆ ಸರಾಸರಿ 3,500ಕ್ಕೂ ಹೆಚ್ಚು ಹೆಜ್ಜೆ ಕೂಡಿತ್ತು, ತೂಕ ಸುಮಾರು ಒಂದೂವರೆ ಕಿಲೊ ಇಳಿದಿತ್ತು. ಅಂಕಿ ಕಣ್ಣು ಕೋರೈಸುತ್ತದೆ. ಆದರೆ ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ, ತೂಕವನ್ನು ಜನರೇ ಹೇಳಿದ್ದರು, ಸೇರಿದವರು ಹುಮ್ಮಸ್ಸಿನವರು. ಮಾರಿಸ್ ಸಮವಸ್ತ್ರ ಬಿಚ್ಚಿ ನೋಡಿದಂತೆ ಇದನ್ನೂ ನೋಡಬೇಕು. ಹಾಗೆ ನೋಡಿದ ಪ್ರಯೋಗ ಕೇರಳದಲ್ಲಿ ನಡೆಯಿತು. ತಿರುವನಂತಪುರ ಜಿಲ್ಲೆಯ ನೆಯ್ಯಾಟಿಂಕರ ತಾಲ್ಲೂಕಿನ 60 ಮತಗಟ್ಟೆ ಪ್ರದೇಶಗಳನ್ನು ಚೀಟಿ ಎತ್ತುವಂತೆ ಎರಡು ಪಾಲು ಮಾಡಿ, ಒಂದು ಪಾಲಿನ ಊರುಗಳಲ್ಲಿ ಸ್ಥಳೀಯರೇ ಮುಂದಾಳುಗಳಾದ ಗುಂಪುಗಳನ್ನು ಕಟ್ಟಿದರು. ಸಕ್ಕರೆ ಕಾಯಿಲೆಯ ಅಪಾಯವಿದ್ದ 1,007 ಜನರನ್ನು ಎರಡು ವರ್ಷ ಹಿಂಬಾಲಿಸಿದರು. ಗುಂಪಿದ್ದ ಕಡೆ ಶೇ. 14.9, ಇಲ್ಲದ ಕಡೆ ಶೇ. 17.1 ಮಂದಿಗೆ ಕಾಯಿಲೆ ಬಂತು. ಇಷ್ಟು ಅಂತರ ಆಕಸ್ಮಿಕವೂ ಆಗಿರಬಹುದು ಎಂದೇ ಸಂಖ್ಯಾಶಾಸ್ತ್ರ ಹೇಳುತ್ತದೆ. ಆದರೂ ತರಕಾರಿ-ಹಣ್ಣಿನ ಸೇವನೆ ಹೆಚ್ಚಿತ್ತು, ಕುಡಿತ ಕಡಿಮೆಯಾಗಿತ್ತು. ಗುಂಪು ಜೀವನಶೈಲಿಯನ್ನು ಅಲುಗಿಸುತ್ತದೆ, ಕಾಯಿಲೆಯನ್ನು ಎರಡೇ ವರ್ಷದಲ್ಲಿ ಓಡಿಸುತ್ತದೆಂದು ಮಾತು ಕೊಡಲಾಗದು. ನಾನು ಗುಂಪಿನ ಪರವಾಗಿರುವುದು ಈ ಮಿತಿಯೊಳಗೇ.

ಹಾಗಾದರೆ ಅವಳಿ ನಗರದಲ್ಲಿ ಗುಂಪು ಎಲ್ಲಿಂದ ಬರಬೇಕು? ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ, ಆಷಾಢದಲ್ಲಿ ಪಂಢರಪುರದ ಹಾದಿಗೆ ದಿಂಡಿಗಳು ಹೊರಡುತ್ತವೆ. ವರ್ಷವಿಡೀ ನಾಲ್ಕು ಫರ್ಲಾಂಗು ನಡೆಯದವರೂ ಆ ದಾರಿಯಲ್ಲಿ ನೂರಾರು ಕಿಲೊಮೀಟರ್ ಕ್ರಮಿಸುತ್ತಾರೆ. ಭಕ್ತಿ ಅದರ ಮೂಲ, ಅದನ್ನು ಬೇರೆ ಯಾವುದಕ್ಕೂ ಇಳಿಸಿ ನೋಡಬೇಕಿಲ್ಲ. ಆದರೆ ಕಾಲುಗಳ ಮಟ್ಟಿಗೆ ನೋಡಿದರೆ ಅಲ್ಲಿನ ಏರ್ಪಾಡು ಗಮನಾರ್ಹ. ಸಾವಿರಾರು ಜನರ ಹರಿವಿನೊಳಗೆ ಒಂದು ಊರಿನವರದು, ಒಂದು ಓಣಿಯವರದು ಎಂದು ಸಣ್ಣ ಸಣ್ಣ ತಂಡಗಳಿರುತ್ತವೆ. ಉಣ್ಣುವುದು, ತಂಗುವುದು ಆ ತಂಡದಲ್ಲೇ. ಯಾರಾದರೂ ಹಿಂದೆ ಬಿದ್ದರೆ ರಾತ್ರಿಯ ಊಟದ ಹೊತ್ತಿಗೆ ತಿಳಿದೇ ತಿಳಿಯುತ್ತದೆ. ರಿಂಗಲ್‌ಮನ್ನನ ಹಗ್ಗದ ತೊಂದರೆ ಅಲ್ಲಿಗೆ ತಟ್ಟುವುದಿಲ್ಲ.

ಹೆಂಗಸರ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಶೇ. 57ರ ಅಂಕಿ ಅವರದು. ಮನೆಗೆಲಸವೇ ಬೇಕಾದಷ್ಟಾಯಿತು, ಇನ್ನು ವಾಕಿಂಗ್ ಯಾಕೆ ಎಂಬ ಮಾತು ಮನೆಮನೆಯಲ್ಲಿದೆ. ಕಸ ಗುಡಿಸಿ ನೆಲ ಒರೆಸುವುದು ನಿಜವಾದ ದುಡಿಮೆ, ಲೆಕ್ಕಕ್ಕೂ ಸೇರುತ್ತದೆ. ಆದರೆ ಉಸಿರು ಬಿರುಸಾಗುವಷ್ಟು ಒಂದೇ ಸಮನೆ ನಡೆಯುವುದಕ್ಕೆ ಅದು ಬದಲಿಯಾಗುವುದು ಕಡಿಮೆ, ದಣಿವಂತೂ ತಪ್ಪುವುದಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ಹೊತ್ತಿನದು. ಬೆಳಗಿನ ಆರರಿಂದ ಎಂಟರವರೆಗೆ ನಾಷ್ಟಾ, ಮಕ್ಕಳ ಡಬ್ಬಿ. ಅದರ ಮೇಲೆ ನಳದ ನೀರು. 2008ರಿಂದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂದರೂ, ಉಳಿದ ಬಡಾವಣೆಗಳು ಎಷ್ಟೋ ದಿನಕ್ಕೊಮ್ಮೆ ಬಿಡುವ ನೀರಿಗಾಗಿ ಕಾದಿವೆ. ನಳ ಬಂದ ದಿನ ಟ್ಯಾಂಕು, ಡ್ರಮ್ಮು, ಕೊಡ ತುಂಬಿ ಮುಗಿಯುವ ತನಕ ಆ ಮನೆಯ ಹೆಂಗಸು ಹೊಸಿಲು ದಾಟಲಾರಳು. ಅಮೆರಿಕದ ಆಟದಂತೆ ದಿನದಿನವೂ ಅಂಕ ಕಳೆಯುವ ನಿಯಮ ಇಲ್ಲಿ ತಂದರೆ, ನೀರು ಬಂದದ್ದಕ್ಕೆ ಆಕೆಗೆ ದಂಡ ಹಾಕಿದಂತಾಗುತ್ತದೆ. ಇಲ್ಲಿ ಲೆಕ್ಕ ವಾರಕ್ಕಿರಬೇಕು, ದಿನಕ್ಕಲ್ಲ. ತಂಡಗಳೂ ಬೆಳಗಿನವೇ ಆಗಬೇಕಿಲ್ಲ. ಸಂಜೆ ಐದರ ತಂಡ ಹೆಂಗಸರಿಗೆ ಹೆಚ್ಚು ಒಗ್ಗೀತು. ಸ್ತ್ರೀಶಕ್ತಿ ಸಂಘಗಳು 2000-01ರಿಂದ ಇವೆ. ಒಂದೊಂದರಲ್ಲಿ ಹತ್ತಿಪ್ಪತ್ತು ಮಂದಿ, ನಿಯಮಿತ ಸಭೆ, ಉಳಿತಾಯದ ಪುಸ್ತಕ. ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳುವ ಹಕ್ಕನ್ನು ಈ ಹೆಂಗಸರು ಒಬ್ಬರಿಗೊಬ್ಬರು ಆಗಲೇ ಕೊಟ್ಟುಕೊಂಡಿದ್ದಾರೆ. ಸಂಘದೊಳಗೆ ಐದೈದು ಜನರ ತಂಡ ಮಾಡಿಕೊಂಡರೆ ನಡಿಗೆಗೆ ಬೇಕಾದ ಬಂಧ ಸಿದ್ಧವಾಗಿಯೇ ಸಿಗುತ್ತದೆ. ಕತ್ತಲಾದ ರಸ್ತೆ, ಬೀದಿನಾಯಿ, ಯಾರಾದರೂ ಏನಾದರೂ ಅಂದಾರು ಎಂಬ ಅಂಜಿಕೆ, ಇವೆಲ್ಲ ಒಬ್ಬಳಿಗಿಂತ ಐವರಿಗೆ ಕಡಿಮೆ.

ರಸ್ತೆಯ ದೂಳಿನ ಆಕ್ಷೇಪಣೆ ನ್ಯಾಯವಾದದ್ದು. ಗಾಳಿಯ ಗುಣಮಟ್ಟ ಮಾನದಂಡ ಮುಟ್ಟದ ದೇಶದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ, ಅವುಗಳಲ್ಲೊಂದು ಹುಬ್ಬಳ್ಳಿ-ಧಾರವಾಡ. 2016ರಲ್ಲಿ ಮಾರ್ಕೊ ತೈನಿಯೊ ಮತ್ತು ಸಂಗಡಿಗರು ಮಾಡಿದ ಲೆಕ್ಕಾಚಾರದಂತೆ, ಗಾಳಿಯಲ್ಲಿ ಸೂಕ್ಷ್ಮ ಕಣಗಳು ಘನ ಮೀಟರಿಗೆ 100 ಮೈಕ್ರೊಗ್ರಾಂನಷ್ಟು ಇದ್ದಾಗಲೂ ನಡಿಗೆಯ ಲಾಭವನ್ನು ಹಾನಿ ಮೀರಬೇಕಾದರೆ ದಿನಕ್ಕೆ ಹತ್ತು ತಾಸಿಗೂ ಹೆಚ್ಚು ನಡೆಯಬೇಕು. ಅರ್ಧ ತಾಸಿನ ನಡಿಗೆಗೆ ಭಯವಿಲ್ಲ. ಆಸ್ತಮಾ ಇದ್ದವರು ಮಾತ್ರ ದೊಡ್ಡ ರಸ್ತೆ ಬಿಟ್ಟು ಮೈದಾನ ಹಿಡಿಯಲಿ. ಫುಟ್‌ಪಾತ್ ಇಲ್ಲದಿರುವುದಕ್ಕೆ ಗುಂಪು ಪರಿಹಾರವಲ್ಲ, ಅದು ಪಾಲಿಕೆಯ ಕೆಲಸ. ಆದರೆ ದಿನವೂ ಆ ರಸ್ತೆಯಲ್ಲಿ ಕಾಲಿಡುವ ನಲವತ್ತು ಜನರ ಅರ್ಜಿಗೆ ಒಬ್ಬನ ದೂರಿಗಿಲ್ಲದ ತೂಕವಿರುತ್ತದೆ.

ಗುಂಪಿನಲ್ಲಿ ಹರಟೆ ಹೆಚ್ಚು, ನಡಿಗೆ ಕಡಿಮೆ ಎಂಬುದು ಇನ್ನೊಂದು ದೂರು. ಮಾತಾಡಲು ಬರಬೇಕು, ಹಾಡಲು ಬರಬಾರದು. ಚುರುಕು ನಡಿಗೆಗೆ ವೈದ್ಯರು ಹೇಳುವ ಸರಳ ಅಳತೆ ಇದು. ನಿಮಿಷಕ್ಕೆ ಸುಮಾರು 100 ಹೆಜ್ಜೆ ಅದಕ್ಕೆ ಸಮ. ಹರಟೆಯಿಂದ ವೇಗ ಸ್ವಲ್ಪ ತಗ್ಗಿದರೂ ಚಿಂತೆಯಿಲ್ಲ, ಹರಟೆಗಾಗಿಯೇ ನಾಳೆ ಮತ್ತೆ ಬರುತ್ತಾರೆ. ನಡಿಗೆ ಮುಗಿದ ಮೇಲಿನ ಗಿರ್ಮಿಟ್ಟು, ಮಿರ್ಚಿ, ಸಕ್ಕರೆ ಹೆಚ್ಚಿನ ಚಹಾದ ಬಗ್ಗೆ ಮಾತ್ರ ಎಚ್ಚರ ಬೇಕು. ಅರ್ಧ ತಾಸು ನಡೆದರೆ ಖರ್ಚಾಗುವುದು ನೂರರಿಂದ ನೂರೈವತ್ತು ಕ್ಯಾಲರಿ. ಎಣ್ಣೆಯಲ್ಲಿ ಕರಿದ ಎರಡು ಮಿರ್ಚಿ ಅದನ್ನು ಸಲೀಸಾಗಿ ಮರಳಿ ತುಂಬುತ್ತವೆ. ಗೆಳೆಯರು ತಿಂದಾಗ ನಾವೂ ತಿನ್ನುತ್ತೇವೆ, ಗುಂಪಿನ ಬಲ ಈ ದಿಕ್ಕಿಗೂ ಕೆಲಸ ಮಾಡುತ್ತದೆ. ಹಾಗಾಗಿ ತಂಡದ ಕರಾರಿನಲ್ಲಿ ನಡಿಗೆಯ ಜೊತೆ ನಾಷ್ಟಾದ ಮಾತೂ ಇರಲಿ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಮೆಂತೆ ಸೊಪ್ಪು, ಸವತಿಕಾಯಿ ನಮ್ಮ ತಾಟಿನಲ್ಲಿ ಮೊದಲಿನಿಂದಲೂ ಇವೆ. ಇನ್ಸುಲಿನ್ ತೆಗೆದುಕೊಳ್ಳುವವರು, ನಡೆದಾಗ ಎದೆ ಹಿಡಿದಂತಾಗುವವರು ಸೇರುವ ಮೊದಲು ವೈದ್ಯರನ್ನು ಕೇಳಲೇಬೇಕು.

ನಿಧಾನ ನಡೆಯುವವರಿಗೆ ಗುಂಪು ಅವಮಾನದ ಜಾಗವಾಗುತ್ತದೆ ಎಂಬ ಆಕ್ಷೇಪಣೆಯನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅತಿ ಹೆಚ್ಚು ಹೆಜ್ಜೆ ಹಾಕಿದವರಿಗೆ ಬಹುಮಾನವೆಂದರೆ ಮೊಣಕಾಲು ನೋವಿನ ಅರವತ್ತರ ಹೆಂಗಸು ಮೊದಲ ವಾರವೇ ಹೊರಗೆ. ಆಕೆಗೇ ಲಾಭ ಅತಿ ಹೆಚ್ಚು ಎಂದು ಲೀ ಅವರ ಅಂಕಿಗಳು ಹೇಳುತ್ತಿವೆ. ಎಲ್ಲರ ಗುರಿಯೂ ಅವರವರ ಮೊದಲ ವಾರದ ಲೆಕ್ಕದ ಮೇಲೆ ನಿಂತರೆ, 2,000ದಿಂದ 3,000ಕ್ಕೆ ಏರಿದ ಆಕೆಯೂ 9,000ದಿಂದ 10,000ಕ್ಕೆ ಏರಿದ ತರುಣನೂ ತಂಡಕ್ಕೆ ಒಂದೇ ತಂದಂತಾಗುತ್ತದೆ.

ಇದೆಲ್ಲ ನಮ್ಮ ಊರಿನಲ್ಲಿ ಫಲಿಸುತ್ತದೆಯೇ ಎಂಬುದನ್ನು ಬೇರೆ ಊರಿನ ಅಂಕಿಗಳಿಂದ ಪೂರ್ತಿ ಹೇಳಲಾಗದು, ಇಲ್ಲಿಯೇ ನೋಡಬೇಕು. ನೆಯ್ಯಾಟಿಂಕರದ ಮಾದರಿ ಕಷ್ಟದ್ದಲ್ಲ. ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ 82 ವಾರ್ಡುಗಳಿವೆ. ಚೀಟಿ ಎತ್ತಿ 41 ವಾರ್ಡುಗಳಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗೆ, ಮಳೆಯೂ ಉರಿಬಿಸಿಲೂ ಇಲ್ಲದ ನೂರು ದಿನ, ಐದೈದು ಜನರ ತಂಡಗಳನ್ನು ನಡೆಸಬಹುದು. ಉಳಿದ 41ರಲ್ಲಿ ಮುಂದಿನ ವರ್ಷ. ಊರಿನ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಎರಡೂ ಕಡೆ ಬಿಪಿ, ಸೊಂಟದ ಸುತ್ತಳತೆ, ಹೆಜ್ಜೆಗಳನ್ನು ಮೊದಲು ಒಮ್ಮೆ, ಕಾರ್ಯಕ್ರಮ ಮುಗಿದಾಗ ಒಮ್ಮೆ, ಮತ್ತೆ ಆರು ತಿಂಗಳ ಮೇಲೆ ಒಮ್ಮೆ ಅಳೆಯಲಿ. ಮೂರನೆಯ ಅಳತೆ ಎಲ್ಲಕ್ಕಿಂತ ಮುಖ್ಯ. ಉದ್ಘಾಟನೆಯ ದಿನ ಟೋಪಿ, ಟೀ-ಶರ್ಟ್ ತೊಟ್ಟು ಎಷ್ಟು ಸಾವಿರ ಜನ ಬಂದರು ಎಂಬ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಸಿಗುತ್ತದೆ. ಬಹುಮಾನ ಹಂಚಿ ಆರು ತಿಂಗಳಾದ ಮೇಲೆ, ಮಳೆಗಾಲದ ಜಿಟಿಜಿಟಿ ಬಿಡುವು ಕೊಟ್ಟ ಒಂದು ಸಂಜೆ, ಯಾವ ವಾರ್ಡಿನ ಎಷ್ಟು ತಂಡಗಳು ಇನ್ನೂ ಹೊರಡುತ್ತಿವೆ ಎಂಬ ಲೆಕ್ಕವನ್ನು ಯಾರಾದರೂ ಹೋಗಿ ಬರೆದುಕೊಂಡು ಬರಬೇಕು.